ಕೊನೆಗೂ ಹಗ್ಗ ಎಳೆದೆ

ಸ್ನೇಹಿತರೇ, ನಾಯಂಡಹಳ್ಳಿಯ ಗುಜರಿ ಗೋಡೌನಿನಲ್ಲಿ ಕೊಂಡ ಪೆಟ್ರೋಲ್ ಚೈನ್ ಗರಗಸವನ್ನು ಇವತ್ತು ಬೆಳಿಗ್ಗೆ ಬಳಸಲೇಬೇಕಾಯಿತು. ಅದಕ್ಕೆ ಹೆಚ್ಚುಕಡಿಮೆ ನನ್ನಷ್ಟೇ ವಯಸ್ಸು. ಆದರೂ ಬಣ್ಣ ಮಾಸಿಲ್ಲ, ಹಲ್ಲುಗಳು ಇವತ್ತಿನವರೆಗೆ ಮರವನ್ನೇ ಕಂಡಿರಲಿಲ್ಲ. ಹಳೆಯ ಯಂತ್ರಗಳ ಹುಚ್ಚಿನ ನನಗೆ ಅದನ್ನು ಒರೆಸಿ ಒರೆಸಿ ಇಡುವುದೇ ಕೆಲಸವಾಗಿತ್ತು.

ನಮ್ಮ ಮೂಡಲಪಾಳ್ಯದ ಬೀದಿಯಲ್ಲಿ, ಎದುರುಮನೆ ಸುಶೀಲಮ್ಮನವರ ಗೇಟಿಗೆ ಅಡ್ಡಲಾಗಿ ರಾತ್ರಿಯ ಗಾಳಿಮಳೆಗೆ ಗುಲ್‌ಮೊಹರ್ ಕೊಂಬೆ ಮುರಿದು ಬಿದ್ದಿತ್ತು. ಅವರಿಗೆ ಇವತ್ತೇ ಕಣ್ಣಿನ ಆಪರೇಷನ್. ಆಟೋ ಹೊರಗೆ, ಅವರು ಒಳಗೆ. ಕೊಂಬೆ ತೆಗೆಯುವವರಿಗೆ ಫೋನ್ ಮಾಡಿದರೆ, ಎಲ್ಲ ಕಡೆ ಮರ ಬಿದ್ದಿವೆ, ಮಧ್ಯಾಹ್ನವಾಗುತ್ತದೆ ಎಂದರು.

"ರೀ, ನಿಮ್ಮ ಮಿಷನ್ ತಗೊಂಡ್ಬನ್ನಿ" ಎಂದಳು ಹೆಂಡತಿ.

"ಅಂಥ ಪೀಸು ಮತ್ತೆ ಸಿಗಲ್ಲ ಕಣೇ."

"ಆಂಟಿಗೆ ಡಾಕ್ಟ್ರ ಡೇಟೂ ಅಷ್ಟು ಸುಲಭಕ್ಕೆ ಸಿಗಲ್ಲ."

ನಿಜ ಹೇಳಬೇಕೆಂದರೆ ನನಗೆ ಭಯವೂ ಇತ್ತು. ಹಳೆಯ ಯಂತ್ರ, ಕೈ ಜಾರಿದರೆ ಗತಿಯೇನು? ಹೆಲ್ಮೆಟ್, ದಪ್ಪ ಗ್ಲೌಸ್ ಹಾಕಿಕೊಂಡು, ಎಲ್ಲರನ್ನೂ ದೂರ ನಿಲ್ಲಿಸಿ ಗರಗಸ ಸ್ಟಾರ್ಟ್ ಮಾಡುವ ಹಗ್ಗ ಎಳೆದೆ. ಕೆಮ್ಮಿ ಸುಮ್ಮನಾಯಿತು. ಮತ್ತೆ ಎಳೆದೆ. ಬೀದಿಯ ನಾಯಿಗಳೆಲ್ಲ ಓಡುವಂತೆ ಅಬ್ಬರಿಸಿತು. ಕೊಂಬೆ ಬೆಣ್ಣೆಯಂತೆ ತುಂಡಾಯಿತು.

ಸುಶೀಲಮ್ಮ ಆಟೋ ಹತ್ತುವ ಮೊದಲು ನನ್ನ ಕೈ ಹಿಡಿದು ನೋಡಿದರು. "ಬೆರಳೆಲ್ಲಾ ಇದ್ಯೇನಪ್ಪಾ?"

ಸಂಜೆ ಅವರ ಮಗಳು ಫೋನ್ ಮಾಡಿ, "ಅಂಕಲ್, ಆಪರೇಷನ್ ಚೆನ್ನಾಗಾಯ್ತು, ಅಮ್ಮ ಆಗ್ಲೇ ಕಾಫಿ ಕೇಳ್ತಾ ಇದಾರೆ" ಎಂದಳು.

ಈಗ ಪಕ್ಕದ ಬೀದಿಯವರೂ ಬಂದು, "ಅಣ್ಣ, ಭಾನುವಾರ ಫ್ರೀ ಇದೀರಾ?" ಎಂದು ಕೇಳುತ್ತಿದ್ದಾರೆ. ಇಷ್ಟು ವರ್ಷ ಆಫೀಸಿನಲ್ಲಿ ದುಡಿದರೂ ನನಗೆ ಇಂಥ ಬೇಡಿಕೆ ಬಂದಿರಲಿಲ್ಲ.