ಕೈಗೆ ತಾಗಿದ ಚೆಂಡು

ಬಂಟ್ವಾಳದಲ್ಲಿ ನಮ್ಮ ಕಾಲೇಜಿನ ಎದುರು ಬೇಕರಿ ಇಟ್ಟಿದ್ದ ಕಾಕನಿಗೆ ನಮಗಿಂತ ಹೆಚ್ಚು ಫುಟ್ಬಾಲ್ ಹುಚ್ಚು. ಈ ಸಲ ಚಾಂಪಿಯನ್ ಯಾರೆಂಬ ಚರ್ಚೆ ಶುರುವಾದರೆ ಸಾಕು, ಕೌಂಟರಿನ ಮೇಲೆ ಬನ್ನುಗಳನ್ನೇ ಆಟಗಾರರಂತೆ ಜೋಡಿಸಿ ವಾದಿಸುತ್ತಿದ್ದರು. "ಮೂಡುಬಿದಿರೆಯವರು ಜೋರಿದ್ದಾರೆ, ಆದ್ರೆ ಕಪ್ ನಮ್ಗೇ ಮಾರಾಯ" ಎಂಬುದು ಅವರ ಕೊನೆಯ ಮಾತು.

ಅಂತರ ಕಾಲೇಜು ಫೈನಲ್‌ನಲ್ಲಿ ಎದುರಾದವರು ಮೂಡುಬಿದಿರೆಯವರೇ. ಇಬ್ಬರೂ ಸಮಬಲದಲ್ಲಿದ್ದಾಗ, ಕೊನೆಯ ಗಳಿಗೆಯಲ್ಲಿ ಅವರ ಹೊಡೆತವೊಂದು ಗೋಲಿನ ಎದುರಿದ್ದ ನಮ್ಮ ಡಿಫೆಂಡರ್‌ಗೆ ಬಡಿದು ಹೊರಹೋಯಿತು. ಕೈಗೆ ತಾಗಿತೆಂದು ಅವರು ಕೂಗಿದರು, ಎದೆಗೆಂದು ನಾವು. ರೆಫರಿಗೆ ಕಂಡಿರಲಿಲ್ಲ. ಆಗ ಗೋಲಿನ ಹಿಂದೆ ನಿಂತಿದ್ದ ಕಾಕ ಗಂಟಲು ಹರಿಯುವಂತೆ ಕೂಗಿದರು: "ಕೈಗೇ ತಾಗಿದ್ದು! ನಾನು ನೋಡಿದ್ದೇನೆ. ಹೇಳಿಬಿಡು ಮಗಾ!"

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ನಮ್ಮ ಕಡೆಯವರೆಲ್ಲ ಕಾಕನತ್ತ ತಿರುಗಿದರು. ಡಿಫೆಂಡರ್ ತಲೆತಗ್ಗಿಸಿ ಒಪ್ಪಿಕೊಂಡ. ಪೆನಾಲ್ಟಿ ಗೋಲಾಯಿತು, ಕಪ್ ಹೋಯಿತು.

"ನೀವು ಯಾರ ಕಡೆ ಕಾಕ?" ಎಂದು ಕೇಳಿದೆ.

"ನಿಮ್ಮ ಕಡೆಯೇ ಮಾರಾಯ" ಎಂದರು. ಅವರ ಕಣ್ಣು ತುಂಬಿತ್ತು.

ಮರುದಿನ ನಾವು ಯಾರೂ ಬೇಕರಿಗೆ ಹೋಗಲಿಲ್ಲ. ರಸ್ತೆಯ ಈಚೆ ನಿಂತು ನೋಡುತ್ತಿದ್ದಂತೆ, ಆ ಡಿಫೆಂಡರ್ ಒಬ್ಬನೇ ದಾಟಿ ಹೋಗಿ ಒಂದು ಚಾ ಕೇಳಿದ.