ಬೂದಿ ಹಾರದಂತೆ ಊದುವುದು

ಬೆಳಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ಸರ್ಕಾರಿ ಆಸ್ಪತ್ರೆಯ ನರ್ಸ್ ಸಿಸ್ಟರ್ ಕಾಂತಮ್ಮ ಶ್ರೀಮಂಗಲದ ಹತ್ತಿರ ಒಂದು ಕಾಫಿ ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿ ನೆಲದ ಮೇಲೆ ಕುಳಿತು, ತಟ್ಟೆಯಲ್ಲಿದ್ದ ಚಿಟಿಕೆ ಬೂದಿಯ ಮೇಲೆ ಒಲೆಯ ಊದುಗೊಳವೆಯಿಂದ ಊದುತ್ತಿದ್ದರು. ಬೂದಿ ತುಸು ಅಲುಗಿತು, ಹಾರಲಿಲ್ಲ. ಕೈಗಡಿಯಾರ ನೋಡಿ, ಒಂಬತ್ತು ಸೆಕೆಂಡ್ ಎಂದರು.

ಎದುರಿಗಿದ್ದವಳು ಸುಬ್ಬಿ, ಎಂಟು ತಿಂಗಳ ಗರ್ಭಿಣಿ. ಮೊದಲ ಹೆರಿಗೆಯಲ್ಲಿ ಹದಿನಾರು ಗಂಟೆ ನೋವು ತಿಂದು, ಮಗುವನ್ನು ಹೊರದೂಡುವ ಹೊತ್ತಿಗೆ ಮೈಯಲ್ಲಿ ಬಲವೇ ಉಳಿದಿರಲಿಲ್ಲ. ಈ ಸಲ ಆಸ್ಪತ್ರೆಗೇ ಬರುವುದಿಲ್ಲ ಎಂದು ಹಠ ಹಿಡಿದಿದ್ದಳು.

ಹೆರಿಗೆಯಲ್ಲಿ ಹೆಂಗಸರು ಹೀಗೆ ಬಲಗುಂದುವ ಕಾರಣ ಕಾಂತಮ್ಮನವರಿಗೆ ಹೊಳೆದದ್ದು ಹಣ್ಣು ಕೊಯ್ಯುವ ಪಿಕಿಂಗ್ ನಡೆಯುತ್ತಿದ್ದ ತೋಟದಲ್ಲಿ. ಕಾಫಿ ಹಣ್ಣಿನ ಚೀಲ ಎತ್ತುವಾಗ ಪ್ರತಿ ಹೆಂಗಸೂ ಉಸಿರು ಬಿಗಿಹಿಡಿಯುತ್ತಿದ್ದಳು. ನೋವು ಬಂದಾಗಲೂ ಇವರು ಅದನ್ನೇ ಮಾಡಿ ಬೇಗ ದಣಿಯುತ್ತಿದ್ದರು. 'ದೀರ್ಘವಾಗಿ ಉಸಿರೆಳೆದುಕೊಳ್ಳಿ' ಎಂದು ಕಾಂತಮ್ಮ ಎರಡು ವರ್ಷ ಹೇಳಿ ನೋಡಿದ್ದರು. ಹೆಂಗಸರು ಎಳೆದುಕೊಂಡು ಹಾಗೇ ಹಿಡಿದಿರುತ್ತಿದ್ದರು. ತಪ್ಪು ತಮ್ಮ ಪಾಠದ್ದೇ ಎಂದು ಒಪ್ಪಿಕೊಂಡು, ಉಸಿರು ಬಿಡುವುದನ್ನು ಮೊದಲು ಕಲಿಸಲು ಊದುಗೊಳವೆ ಹಿಡಿದರು. ಇದರಿಂದ ನೋವು ಹೋಗುತ್ತದೆ ಎಂದು ಅವರು ಯಾರಿಗೂ ಹೇಳಿದವರಲ್ಲ. ಬಲ ಉಳಿಯುತ್ತದೆ ಎನ್ನುತ್ತಿದ್ದರು.

ಸುಬ್ಬಿ ಮೊದಲ ಸಲ ಊದಿದ್ದು ಮೂರು ಸೆಕೆಂಡ್. ಬೂದಿಯೆಲ್ಲ ಕಾಂತಮ್ಮನವರ ತಲೆಗೆ.

"ಸಿಸ್ಟರೇ, ಒಂದ್ಸಲ ಊದಿದ್ದಕ್ಕೇ ಅಜ್ಜಿ ಆಗ್ಬಿಟ್ರಿ."

"ಆಗ್ಲಿ ಬಿಡವ್ವ. ಭುಜ ಇಳಿಸು, ಹಲ್ಲು ಕಚ್ಬೇಡ. ಇನ್ನೊಂದ್ಸಲ."

ಐದು ವಾರ ಹೀಗೇ ನಡೆಯಿತು, ದಿನವೂ ಒಲೆ ಹಚ್ಚುವ ಮೊದಲು, ಹೊಗೆ ಇಲ್ಲದ ಹೊತ್ತಿನಲ್ಲಿ. ಕೊನೆಗೆ ಆಸ್ಪತ್ರೆಗೆ ಬರಲು ಒಪ್ಪಿದ ಸುಬ್ಬಿ ಒಂದೇ ಷರತ್ತು ಹಾಕಿದಳು: ಊದುಗೊಳವೆಯೂ ಜೊತೆಗೆ ಬರಬೇಕು.

ಬಂತು, ಎಸ್ಟೇಟ್ ಜೀಪಿನಲ್ಲಿ, ಬಟ್ಟೆಗಂಟಿನ ಜೊತೆ. ಗುಂಡಿಗಳಲ್ಲಿ ಜೀಪು ಎದ್ದು ಬೀಳುವಾಗಲೂ ಸುಬ್ಬಿ ಸಣ್ಣಗೆ ಊದುತ್ತಲೇ ಇದ್ದಳು. ಕೊಳವೆ ಕಂಡು ಡಾಕ್ಟರ್ ನಕ್ಕರು. ನೋವು ಶುರುವಾದ ಏಳನೇ ಗಂಟೆಯಲ್ಲಿ, ಒಂದು ನೋವಿಗೂ ಇನ್ನೊಂದಕ್ಕೂ ನಡುವೆ ಅವಳು ಕಣ್ಣು ಮುಚ್ಚಿ ತೂಕಡಿಸಿದ್ದನ್ನು ಕಂಡ ಮೇಲೆ ನಗಲಿಲ್ಲ. ಮಧ್ಯಾಹ್ನ ಮೂರು ಹತ್ತಕ್ಕೆ ಎರಡು ಕಿಲೋ ಒಂಬೈನೂರು ಗ್ರಾಂ ತೂಕದ ಹೆಣ್ಣುಮಗು ಹುಟ್ಟಿತು. ಹೊರದೂಡುವ ಬಲ ತಾಯಿಯಲ್ಲಿ ಉಳಿದಿತ್ತು.

ಮುಂದಿನ ತಿಂಗಳ ನರ್ಸುಗಳ ಸಭೆಯಲ್ಲಿ, ಊದುಗೊಳವೆಯ ಸುದ್ದಿ ಕೇಳಿದ್ದ ಆರೋಗ್ಯಾಧಿಕಾರಿ, ಎಲ್ಲರಿಗಿಂತ ಹೆಚ್ಚು ಹೊತ್ತು ಊದುವವರು ನೀವೇ ಇರಬೇಕಲ್ಲ ಎಂದು ತಮಾಷೆಗೆ ಕೇಳಿದರು. ಕಾಂತಮ್ಮ ಎದ್ದು ನಿಂತು, ಸೆರಗು ಸರಿಮಾಡಿಕೊಂಡರು.

"ಇಲ್ಲ ಸರ್. ನಂದು ಒಂಬತ್ತೇ ಸೆಕೆಂಡು. ನಮ್ಮ ಸುಬ್ಬೀದು ಹನ್ನೊಂದು."