ಕಮಲಕ್ಕನ ಮಾತಿಲ್ಲದ ರೆಕಾರ್ಡಿಂಗ್

ಕ್ಯಾಮರಾದಲ್ಲಿ ಏನೋ ಕಂಡಿತು, ಫೋನಿನಲ್ಲಿ ಯಾರದೋ ದನಿ ಬಂತು ಎಂದೆಲ್ಲ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು. ಹಾಸ್ಟೆಲಿನಲ್ಲಿ ಯಾರಾದರೂ ಅಂಥ ಕಥೆ ತೆಗೆದರೆ "ಬ್ಯಾಟರಿ ನೋಡು ಮಾರಾಯ್ತಿ" ಎಂದು ಬಾಯಿ ಮುಚ್ಚಿಸುತ್ತಿದ್ದವಳು ನಾನೇ. ಈಗ ಅಂಥದ್ದೇ ಒಂದನ್ನು ಬರೆಯಲು ಕೂತಿದ್ದೇನೆ. ನೀವು ನಂಬದಿದ್ದರೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದೆ ನಾನು ಕಾಸರಗೋಡಿನ ಕಡೆಯ ಒಂದು ವಿಶ್ವವಿದ್ಯಾಲಯದಲ್ಲಿ ಮಾಧ್ಯಮ ಮತ್ತು ಸಮಾಜದ ಬಗ್ಗೆ ಸಂಶೋಧನೆ ಮಾಡುತ್ತಿದ್ದೆ. ಗೇರು ತೋಟಗಳಿಗೆ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿ, ಮಕ್ಕಳು ಅಂಗವೈಕಲ್ಯದಿಂದ ಹುಟ್ಟಿದ ಊರುಗಳ ಬಗ್ಗೆ ಪತ್ರಿಕೆಗಳಲ್ಲಿ, ಟಿವಿಯಲ್ಲಿ ಬಂದದ್ದಕ್ಕೆ ಲೆಕ್ಕವಿಲ್ಲ. ಅದನ್ನೆಲ್ಲ ನೋಡಿ ಆ ಊರಿನವರಿಗೇ ಏನನಿಸಿತು ಎಂದು ಕೇಳುವುದು ನನ್ನ ಕೆಲಸ. ಒಳ್ಳೆಯ ವಿಷಯ ಹಿಡಿದಿದ್ದೇನೆ ಎಂಬ ಹೆಮ್ಮೆಯೂ ಇತ್ತು, ಸುಳ್ಳು ಯಾಕೆ ಹೇಳಲಿ.

ಅಂಥ ಊರುಗಳಲ್ಲೊಂದಾದ ಎಣ್ಮಕಜೆಯಲ್ಲಿ ಕಮಲಕ್ಕನ ಮನೆಗೆ ಹೋದದ್ದು ಹಾಗೆ. ಅವರ ಮಗಳು ಪುಷ್ಪಾಳಿಗೆ ಹುಟ್ಟಿದಂದಿನಿಂದ ಮಾತಿಲ್ಲ, ನಡೆಯಲಾಗುವುದಿಲ್ಲ. ದೊಡ್ಡವಳಾದರೂ ಜಗಲಿಯ ಚಾಪೆಯೇ ಅವಳ ಲೋಕ. ಬಂದವರ ಮುಖ ನೋಡಿ ಗಟ್ಟಿಯಾಗಿ ನಗುತ್ತಾಳೆ. ಆದರೆ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುವ ಅವಳ ಫೋಟೋದಲ್ಲಿ ನಗುವಿಲ್ಲ. ಅದರಲ್ಲಿ ಅವಳು ಚಿಕ್ಕ ಹುಡುಗಿ. ಮೂಗು ಸೋರುತ್ತಿದೆ, ಕೆನ್ನೆಯ ಮೇಲೆ ನೊಣ ಕೂತಿದೆ, ಬಾಯಿ ತೆರೆದು ಅಳುತ್ತಿದ್ದಾಳೆ.

ಅದನ್ನು ನೋಡಿದಾಗ ಏನನಿಸುತ್ತದೆ ಎಂದು ಕೇಳಿದೆ. ಕಮಲಕ್ಕ ಆ ಮಧ್ಯಾಹ್ನವೆಲ್ಲ ಮಾತಾಡಿದರು. ನನ್ನನ್ನು ಟೀಚರ್ ಎಂದೇ ಕರೆಯುತ್ತಿದ್ದರು.

"ಪೇಪರಿನಿಂದ ಬಂದವರಿಗೆ ಚಾಯ ಮಾಡ್ಲಿಕ್ಕೆ ಅಂತ ನಾನು ಒಳಗೆ ಹೋದದ್ದು ಟೀಚರ್. ಮನೆಗೆ ಬಂದವರನ್ನು ಹಾಗೇ ಕಳಿಸ್ಲಿಕ್ಕೆ ಆಗ್ತದಾ? ಹೊರಗೆ ಬರುವಾಗ ಪಟ ತೆಗ್ದು ಆಗಿತ್ತು. ಹೊಸಬರನ್ನು ನೋಡಿ ಹೆದರಿ ಅತ್ತದ್ದು ಅದು. ನಾನು ಇದ್ದಿದ್ರೆ ಮುಖ ಒರೆಸ್ತಿದ್ದೆ. ಆ ಪಟ ಇನ್ನು ಎಲ್ಲಿಯೂ ಹಾಕ್ಬಾರ್ದು. ನೀವು ಹೇಳಿದ್ರೆ ಕೇಳ್ತಾರೆ. ನಂಗೆ ಬೇರೆ ಎಂತ ಸಹ ಬೇಡ."

ಖಂಡಿತ ಹೇಳುತ್ತೇನೆ ಎಂದೆ. ಆ ದಿನ ಅವರು ನನಗೆ ಚಾ ಕೊಡಲಿಲ್ಲ. ಒಲೆಯ ಮೇಲೆ ಕುಕ್ಕರ್ ಕೂಗಿದರೂ ಮಗಳ ಪಕ್ಕದಿಂದ ಏಳಲಿಲ್ಲ.

ಸಂಜೆ ಹಾಸ್ಟೆಲಿಗೆ ಬಂದು ರೆಕಾರ್ಡರ್ ಹಾಕಿದೆ. ನನ್ನ ಪ್ರಶ್ನೆ ಸ್ಪಷ್ಟವಾಗಿತ್ತು. ಆಮೇಲೆ ಅಂಗಳದ ಕೋಳಿ, ಕುಕ್ಕರಿನ ಸೀಟಿ, ಪುಷ್ಪಾಳ ನಗು. ಸ್ವಲ್ಪ ಹೊತ್ತು ಬಿಟ್ಟು ನನ್ನದೇ "ಹೂಂ". ಮತ್ತೆ ಕೋಳಿ. ಮತ್ತೆ ನಾನು, "ಹೌದಾ?", "ಛೆ". ಕಮಲಕ್ಕನ ದನಿ ಎಲ್ಲಿಯೂ ಇಲ್ಲ.

ಸಂದರ್ಶನ ಮಾಡುವಾಗ ಹೂಂಗುಟ್ಟಬೇಡ, ರೆಕಾರ್ಡಿಂಗ್ ಹಾಳಾಗುತ್ತದೆ ಎಂದು ನನ್ನ ಗೈಡ್ ಬೈಯುತ್ತಲೇ ಇದ್ದರು. ನಮ್ಮ ಕಡೆ ಎದುರಿಗೆ ಕೂತವರು ಹೂಂಗುಟ್ಟದಿದ್ದರೆ ಮಾತಾಡುವವರು ಮಾತೇ ನಿಲ್ಲಿಸುತ್ತಾರೆ, ಅದನ್ನು ಅವರಿಗೆ ಅರ್ಥ ಮಾಡಿಸಲು ನನ್ನಿಂದ ಆಗಿರಲಿಲ್ಲ. ಈಗ ನೋಡಿದರೆ ಹೂಂ ಮಾತ್ರ ಉಳಿದಿತ್ತು. ಯಾರೂ ಇಲ್ಲದ ಜಗಲಿಯಲ್ಲಿ ಒಬ್ಬಳೇ ಕೂತು ತಲೆಯಾಡಿಸಿದ ಹಾಗೆ.

ಸ್ಟುಡಿಯೋದಲ್ಲಿ ಕೆಲಸ ಮಾಡುವ ಪರಿಚಯದ ಹುಡುಗನಿಗೆ ತೋರಿಸಿದೆ. ಎಲ್ಲಿಯೂ ಕತ್ತರಿಸಿಲ್ಲ, ಅಳಿಸಿಲ್ಲ ಎಂದ. "ನೀವು ಯಾರ ಹತ್ರ ಮಾತಾಡಿದ್ದು ಮೇಡಂ?" ಎಂದು ನಕ್ಕ. ಎರಡು ಬಾರಿಸೋಣ ಎನ್ನುವಷ್ಟು ಕೋಪ ಬಂತು.

ಇನ್ನೊಮ್ಮೆ ಹೋದೆ. ಈ ಸಲ ರೆಕಾರ್ಡರ್ ಜೊತೆಗೆ ಫೋನನ್ನೂ ಇಟ್ಟೆ. ಪರೀಕ್ಷೆಗೆಂದು ಕಮಲಕ್ಕನಿಂದ ಒಂದು, ಎರಡು, ಮೂರು ಎಂದು ಹೇಳಿಸಿ, ಅಲ್ಲೇ ಕೇಳಿಸಿದೆ. ತಮ್ಮ ದನಿ ಕೇಳಿ ಅವರು ನಾಚಿಕೊಂಡರು. ಆಮೇಲೆ ಅದೇ ಮಾತುಗಳನ್ನು ಮೊದಲಿನಿಂದ ಹೇಳಿದರು. ಬಸ್ಸಿನಲ್ಲಿ ಕೂತವಳೇ ಇಯರ್‌ಫೋನ್ ಕಿವಿಗೆ ಹಾಕಿಕೊಂಡೆ. ಒಂದು, ಎರಡು, ಮೂರು ಚೆನ್ನಾಗಿ ಕೇಳಿತು. ಅದಾದ ಮೇಲೆ ಎರಡರಲ್ಲೂ ಕೋಳಿ, ನಗು, ನನ್ನ ಹೂಂ. ನನಗೆ ಭಯಕ್ಕಿಂತ ಹೆಚ್ಚಾಗಿ ಅಳು ಬಂತು.

ಗೈಡ್ ಕೆಟ್ಟವರಲ್ಲ. ಆದರೆ ರೆಕಾರ್ಡ್ ಇಲ್ಲದ ಮಾತನ್ನು ಪ್ರಬಂಧದಲ್ಲಿ ಹಾಕುವಂತಿಲ್ಲ, ಬೇರೆ ಮನೆ ನೋಡು ಎಂದರು. ನನ್ನ ಕಿವಿಯಾರೆ ಕೇಳಿದ್ದೇನೆ ಸರ್ ಎಂದು ವಾದಿಸಿದೆ, ಬೇಡಿಕೊಂಡೆ, ಕೊನೆಗೆ ಜಗಳವನ್ನೂ ಆಡಿದೆ. ಜನರ ಮಾತು ಯಾರೂ ಕೇಳಲಿಲ್ಲ ಎಂದು ತೋರಿಸಲು ಹೊರಟ ಪ್ರಬಂಧದಿಂದಲೇ ಕಮಲಕ್ಕನನ್ನು ತೆಗೆದು ಹಾಕಬೇಕಾಯಿತು.

ಕೊನೆಯ ಸಲ ಹೋಗಿ ನಡೆದದ್ದನ್ನು ನಾಚಿಕೆ ಬಿಟ್ಟು ಹೇಳಿದೆ. ಕಮಲಕ್ಕನಿಗೆ ಆಶ್ಚರ್ಯವೇ ಆಗಲಿಲ್ಲ. "ಎಷ್ಟು ಜನ ಬಂದು ನನ್ನ ಮಾತು ತುಂಬಿಸ್ಕೊಂಡು ಹೋದ್ರು. ಅವರ ಹತ್ರ ಸಹ ಇರ್ಲಿಕ್ಕಿಲ್ಲ" ಎಂದರು. ಇನ್ನೊಮ್ಮೆ ಹೇಳಿ, ಕೈಯಲ್ಲಿ ಬರೆದುಕೊಳ್ಳುತ್ತೇನೆ ಎಂದೆ. ಅವರು ಒಪ್ಪಲಿಲ್ಲ.

"ನಿಮಗೆ ಕೇಳಿತಲ್ಲ ಟೀಚರ್? ಮತ್ತೆ ಮತ್ತೆ ಎಂತಕ್ಕೆ?"

ಕಮಲಕ್ಕ ಈಗಿಲ್ಲ. ಪುಷ್ಪಾಳನ್ನು ಅವಳ ಚಿಕ್ಕಮ್ಮ ನೋಡಿಕೊಳ್ಳುತ್ತಾರೆ. ಆ ಮಾತುಗಳು ಯಂತ್ರದಲ್ಲಿ ಯಾಕೆ ನಿಲ್ಲಲಿಲ್ಲ ಎಂದು ತಿಳಿದವರನ್ನೆಲ್ಲ ಕೇಳಿ ಸೋತಿದ್ದೇನೆ. ಒಬ್ಬೊಬ್ಬರದು ಒಂದೊಂದು ಕಾರಣ, ಯಾವುದೂ ಸರಿಹೊಂದುವುದಿಲ್ಲ.

ಮೊನ್ನೆ ಒಂದು ಪತ್ರಿಕೆಯ ವಿಶೇಷ ಪುಟದಲ್ಲಿ ಆ ಫೋಟೋ ಮತ್ತೆ ಬಂದಿತ್ತು. ಕೂಡಲೇ ಫೋನ್ ಮಾಡಿದೆ. ಆ ಕಡೆಯವರು ತಾಳ್ಮೆಯಿಂದ ಕೇಳಿದರು. ತಾಯಿ ಬೇಡ ಎಂದದ್ದು ಎಲ್ಲಾದರೂ ಉಂಟಾ, ಬರಹ ಇಲ್ಲದಿದ್ದರೆ ಆಡಿಯೋ ಆದರೂ ಸಾಕು ಎಂದರು.

"ಇಲ್ಲ. ಆದರೆ ಅವರು ಹೇಳಿದ್ದನ್ನು ನಾನು ಕೇಳಿದ್ದೇನೆ" ಎಂದೆ.

"ಅದು ನಿಮ್ಮ ಮಾತಾಯ್ತಲ್ಲ ಮೇಡಂ" ಎಂದರು.